ಮುಲ್ಲಾ ಸರ್ ಒತ್ತದೆ ಬಿಟ್ಟ ಹಳದಿ ಪಟ್ಟಿ

ನಮ್ಮ ಬ್ಯಾಚಿನವರು ಹೇಳುವ ಕಥೆಯನ್ನು ನಾನು ಒಪ್ಪುವುದಿಲ್ಲ. ಅವರ ಕಥೆ ಹೀಗಿದೆ: ಬಬಲೇಶ್ವರದ ನಮ್ಮ ಹೈಸ್ಕೂಲಿನಲ್ಲಿ ಮುಲ್ಲಾ ಸರ್ ಎಂಬ ವಿಜ್ಞಾನದ ಮಾಸ್ತರರಿದ್ದರು. ಗಂಟಲಿನ ಆಪರೇಷನ್ ಆಗಿ ಅವರ ದನಿ ಹೋಯಿತು. ಪಾಪ, ಕಂಪ್ಯೂಟರಿನ ಸ್ಲೈಡುಗಳನ್ನು ತೋರಿಸಿ ಪಾಠ ನಡೆಸುತ್ತಿದ್ದರು. ಆಡಳಿತ ಮಂಡಳಿಯವರು ಪರೀಕ್ಷಿಸಲು ಬಂದ ದಿನವೇ ಕಂಪ್ಯೂಟರು ಕೈಕೊಟ್ಟಿತು. ಆಗ ಮಕ್ಕಳಾದ ನಾವು ಎದ್ದು ನಿಂತು ಪಾಠ ಹೇಳಿ ಸರ್ ಅವರ ಮರ್ಯಾದೆ ಉಳಿಸಿದೆವು. ಇಷ್ಟು ಹೇಳುವಷ್ಟರಲ್ಲಿ ಕೇಳುವವರ ಕಣ್ಣು ಒದ್ದೆಯಾಗಿರುತ್ತದೆ. ಆಗಲಿ. ಕಣ್ಣು ಒದ್ದೆಯಾದ ಮಾತ್ರಕ್ಕೆ ಕಥೆ ನಿಜವಾಗುವುದಿಲ್ಲ. ಉಳ್ಳಾಗಡ್ಡಿ ಹೆಚ್ಚಿದರೂ ಒದ್ದೆಯಾಗುತ್ತದೆ.

ಮೊದಲ ಆಕ್ಷೇಪ 'ಪಾಪ' ಎಂಬ ಮಾತಿಗೆ. ಎರಡನೆಯದು 'ಕೈಕೊಟ್ಟಿತು' ಎಂಬುದಕ್ಕೆ. ಮೂರನೆಯದು 'ಉಳಿಸಿದೆವು' ಎಂಬುದಕ್ಕೆ. ಉಳಿದ ವಾಕ್ಯಗಳಿಗೆ ನನ್ನ ತಕರಾರಿಲ್ಲ.

ಈ ಜಗಳ ಮತ್ತೆ ಎದ್ದದ್ದು ಸರ್ ಈ ವರ್ಷ ನಿವೃತ್ತರಾಗುತ್ತಿರುವುದರಿಂದ. ಕಾಖಂಡಕಿಯ ಬಸು, ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನ ಮಾಲೀಕ, ಬೀಳ್ಕೊಡುಗೆಯ ಉಸ್ತುವಾರಿ ಹೊತ್ತಿದ್ದಾನೆ. ಹೋದ ವಾರ ಫೋನ್ ಮಾಡಿದ.

"ಯಾಕವ್ವಾ, ಭಾಷಣ ನಿಂದ ನೋಡ. ಡಿಬೇಟಿನ್ಯಾಗ ಅಷ್ಟ ಕಪ್ ಗೆದ್ದಿ, ಇದೊಂದು ಮಾಡಿ ಕೊಡ. ಕಂಪ್ಯೂಟರ್ ಬಂದ್ ಬಿದ್ದದ್ದು, ನಾವು ಎದ್ದು ನಿಂತದ್ದು, ಅಷ್ಟ ಹೇಳಿದ್ರ ಸಾಕ. ಮಂದಿ ಅಳಬೇಕ."

"ಕಂಪ್ಯೂಟರ್ ಬಂದ್ ಬಿದ್ದಿರಲಿಲ್ಲೋ."

"ಶುರು ಮಾಡಿದ್ಲಪಾ. ಲಗ್ನಕ್ಕ ಕರದ್ರೂ ಒಂದು ಯಾಕ, ಬೀಳ್ಕೊಡುಗೆಗೆ ಕರದ್ರೂ ಒಂದು ಯಾಕ. ಸರ್ ಕಣ್ಣ ಮುಂದ ನಿಂತು ಇಲ್ಲ ಅಂತೀ ಏನ?"

'ಯಾಕವ್ವ' ನನ್ನ ಹೆಸರಲ್ಲ. ಆ ಹೆಸರು ಹೇಗೆ ಬಂತೆಂಬುದನ್ನು ಮುಂದೆ ಹೇಳುತ್ತೇನೆ. ಬಸುಗೆ ಅವತ್ತು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಆದರೆ ಇವತ್ತು ಬೆಳಿಗ್ಗೆ ಒಂದು ಸಣ್ಣ ಸಂಗತಿ ನಡೆಯಿತು. ವಿಜಯಪುರದಲ್ಲಿ ನಾನು ಕಲಿಸುವ ಕೋಚಿಂಗ್ ಕ್ಲಾಸಿನಲ್ಲಿ ಬೇರೊಬ್ಬರು ಮಾಡಿಕೊಟ್ಟ ಸ್ಲೈಡುಗಳನ್ನು ತೆರೆದೆ. ಪರದೆಯ ತಲೆಯ ಮೇಲೆ ಹಳದಿ ಪಟ್ಟಿಯೊಂದು ಮೂಡಿತು. ನೀವೂ ನೋಡಿರುತ್ತೀರಿ. ಈ ಕಡತದಲ್ಲಿ ಮ್ಯಾಕ್ರೋಗಳಿವೆ, ಸದ್ಯಕ್ಕೆ ಅವುಗಳನ್ನು ತಡೆದಿದ್ದೇನೆ, ಬೇಕಿದ್ದರೆ ಒತ್ತಿ ಅನುಮತಿ ಕೊಡಿ ಎಂದು ಹೇಳುವ ಪಟ್ಟಿ. ನಾನು ಯೋಚಿಸದೆ ಒತ್ತಿದೆ. ಪಾಠ ಸರಾಗವಾಗಿ ಹರಿಯಿತು. ಹುಡುಗರು ಬರೆದುಕೊಂಡರು. ಯಾರೂ ಏನೂ ಕೇಳಲಿಲ್ಲ. ಕ್ಲಾಸು ಮುಗಿಸಿ ಚಹಾ ಕುಡಿಯುವಾಗ ಮಾತ್ರ ಆ ಹಳದಿ ಬಣ್ಣ ಕಣ್ಣಿನಿಂದ ಹೋಗಲೇ ಇಲ್ಲ. ಅದೇ ಪಟ್ಟಿಯನ್ನು ಮುಲ್ಲಾ ಸರ್ ಒತ್ತದೆ ಬಿಟ್ಟದ್ದನ್ನು ನಾನು ನೋಡಿದ್ದೇನೆ. ನಾನೊಬ್ಬಳೇ ನೋಡಿದ್ದೇನೆ.

ದನಿ ಹೋಗುವ ಮೊದಲಿನ ಸರ್ ಅವರನ್ನು ನೀವು ಕೇಳಬೇಕಿತ್ತು. ನೋಡುವ ಮಾತಲ್ಲ, ಕೇಳುವ ಮಾತು. ಸರಿ ಉತ್ತರ ಬಂದರೆ "ರೈಟ್" ಎಂದು ಒಂದು ಕೂಗು ಹಾಕುತ್ತಿದ್ದರು. ಅದನ್ನು ಕೇಳಿ ಸ್ಟ್ಯಾಂಡಿನಲ್ಲಿ ನಿಂತಿದ್ದ ಮಮದಾಪುರದ ಬಸ್ಸು ಕಂಡಕ್ಟರನನ್ನು ಬಿಟ್ಟು ಹೊರಟುಹೋಯಿತಂತೆ. ಇದೂ ಕಥೆಯೇ, ಇದಕ್ಕೂ ಸಾಕ್ಷಿ ಇಲ್ಲ. ಆದರೆ ಇದನ್ನು ನಾನು ಪ್ರಶ್ನಿಸುವುದಿಲ್ಲ. ಕೆಲವು ಸುಳ್ಳುಗಳು ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತವೆ, ಕೆಲವು ಕುಗ್ಗಿಸುತ್ತವೆ. ನನ್ನ ಜಗಳ ಎರಡನೆಯ ಜಾತಿಯ ಜೊತೆಗೆ ಮಾತ್ರ.

ಆಪರೇಷನ್ ಆದಮೇಲೆ ಅವರಲ್ಲಿ ಉಳಿದದ್ದು ಒಂದು ಪಿಸುಮಾತು. ಕಿವಿಯನ್ನು ಬಾಯಿಯ ಹತ್ತಿರ ಒಯ್ದರೆ ಕೇಳುವಂಥದ್ದು. ಅದನ್ನೂ ಹೆಚ್ಚು ಬಳಸಬಾರದೆಂದು ಡಾಕ್ಟರು ಹೇಳಿದ್ದರು. 'ರೈಟ್' ಹೋಗಿ ಮೇಜಿನ ಮೇಲೆ ಅಂಗೈಯ ಒಂದು ಪೆಟ್ಟು ಬಂತು. ಬೋರ್ಡಿನ ಮೇಲೆ ಬರೆದು ಕಲಿಸಬಹುದಿತ್ತಲ್ಲ ಎನ್ನುತ್ತೀರಿ. ಒಂಬತ್ತನೆಯ ತರಗತಿಗೆ ಬೆನ್ನು ತಿರುಗಿಸಿ ಪಾಠ ಮಾಡಿದವರು ಈ ಮಾತು ಹೇಳುವುದಿಲ್ಲ. ಹಾಗಾಗಿ ಸರ್ ನಮ್ಮನ್ನು ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಹೋಗತೊಡಗಿದರು.

ಆ ಕೋಣೆಯ ವಾಸನೆ ಈಗಲೂ ನನಗೆ ಎಲ್ಲಾದರೂ ಸಿಗುತ್ತದೆ. ಬಿಸಿಯಾದ ಪ್ರೊಜೆಕ್ಟರಿನ ಧೂಳು, ಕಿಟಕಿಗೆ ಬೆಳಕು ಬಾರದಂತೆ ಅಂಟಿಸಿದ ಹಳೆಯ ಪತ್ರಿಕೆಯ ಗಂಜಿ, ಬಾಗಿಲ ಹೊರಗೆ ಗುಡ್ಡೆ ಬಿದ್ದ ನಮ್ಮ ಚಪ್ಪಲಿಗಳು. ಕಂಪ್ಯೂಟರಿಗೆ ಚಪ್ಪಲಿ ಆಗಿಬರುವುದಿಲ್ಲ ಎಂದು ಯಾರು ಕಂಡುಹಿಡಿದರೋ, ನಾವೆಲ್ಲ ದೇವರ ಗುಡಿಗೆ ಹೋದ ಹಾಗೆ ಬರಿಗಾಲಿನಲ್ಲಿ ಹೋಗುತ್ತಿದ್ದೆವು. ಒಳಗಿನ ಗೋಡೆಯ ಮೇಲೆ ಹೆಡ್‌ಮಾಸ್ತರರ ಆಜ್ಞೆ: 'ಹಳದಿ ಪಟ್ಟಿ ಬಂದರೆ ಯಾರೂ ಮುಟ್ಟಬಾರದು.' ಹಿಂದೊಮ್ಮೆ ಯಾರದೋ ಪೆನ್‌ಡ್ರೈವಿನಿಂದ ವೈರಸ್ ಬಂದು ಅಂಕಪಟ್ಟಿಗಳನ್ನೆಲ್ಲ ತಿಂದುಹಾಕಿತ್ತಂತೆ. ಅಂದಿನಿಂದ ಹೆಡ್‌ಮಾಸ್ತರರಿಗೆ ಹಳದಿ ಎಂದರೆ ಹಾವು. ಸರ್ ಮಾತ್ರ ಅವರ ಒಪ್ಪಿಗೆ ಪಡೆದು, ತಾವು ಬಳಸುವ ಹಳೆಯ ಕಂಪ್ಯೂಟರಿನಲ್ಲಿ ಆ ಪಟ್ಟಿಯೇ ಬಾರದಂತೆ ಮಾಡಿಕೊಂಡಿದ್ದರು.

ಶುರುವಿನಲ್ಲಿ ಸ್ಲೈಡಿನ ಪಾಠ ಚೆನ್ನಾಗಿರಲಿಲ್ಲ, ಅದನ್ನೂ ಹೇಳಬೇಕು. ಸ್ಲೈಡುಗಳು ಒಂದರ ಹಿಂದೊಂದು ಬರುತ್ತಿದ್ದವು, ಹರಕೆ ಹೊತ್ತು ಸಾಲಿನಲ್ಲಿ ನಿಂತವರ ಹಾಗೆ. ಯಾರಾದರೂ ಹಿಂದಿನದನ್ನು ಕೇಳಿದರೆ ಸರ್ ಹಿಂದೆ, ಹಿಂದೆ, ಇನ್ನೂ ಹಿಂದೆ ಒತ್ತುತ್ತ ಹೋಗಬೇಕು. "ಅಲ್ಲರೀ ಸರ್, ಅದರ ಹಿಂದಿಂದು," "ದಾಟಿ ಹೋತ್ರಿ, ಮುಂದಕ್ಕ ಬರ್ರಿ" ಎಂದು ಇಡೀ ಕ್ಲಾಸು ಎತ್ತಿನ ಗಾಡಿ ಹಿಂದಕ್ಕೆ ಹೊಡೆಸುವವರ ಹಾಗೆ ಕೂಗುತ್ತಿತ್ತು. ಎಲ್ಲಿದ್ದೆವೋ ಅಲ್ಲಿಗೆ ಮರಳುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು.

ಆಮೇಲೆ ಸರ್ ಮ್ಯಾಕ್ರೋ ಕಲಿತರು. ಹೆಸರು ದೊಡ್ಡದು, ಕೆಲಸ ಸಣ್ಣದು. ಸ್ಲೈಡಿನ ಮೇಲೆ ಒಂದು ಬಟನ್ ಬರೆದು, 'ನಿನ್ನನ್ನು ಒತ್ತಿದರೆ ಇಂಥ ಸ್ಲೈಡಿಗೆ ಹೋಗು' ಎಂದು ಅದಕ್ಕೆ ಮೊದಲೇ ಹೇಳಿಡುವುದು. ಎರಡೇ ಸಾಲಿನ ಮಾತು. ಅಲ್ಲಿಂದ ಪಾಠಕ್ಕೆ ಸಾಲು ಹೋಗಿ ದಾರಿಗಳು ಬಂದವು. ಬಾಷ್ಪೀಭವನದ ಪಾಠ ನನಗೆ ಕಣ್ಣಿಗೆ ಕಟ್ಟಿದಂತಿದೆ. ಮೊದಲ ಸ್ಲೈಡಿನಲ್ಲಿ ಹೊನವಾಡದ ಹತ್ತಿರದ ದ್ರಾಕ್ಷಿ ಒಣಗಿಸುವ ಶೆಡ್ಡಿನ ಚಿತ್ರ. ಸುತ್ತಲೂ ಬಟನ್‌ಗಳು: ಬಿಸಿ, ಗಾಳಿ, ತೇವ, ಹರವು. ಯಾವುದರ ಬಗ್ಗೆ ಕೇಳಿದರೆ ಅದಕ್ಕೆ ಸರ್ ಹಾರುತ್ತಿದ್ದರು. ಬಟನ್ ಬಿಟ್ಟು ಬೇರೆಲ್ಲಿ ಒತ್ತಿದರೂ ಸ್ಲೈಡು ಕದಲದಂತೆ ಬಿಗಿ ಮಾಡಿದ್ದರು. ನಮ್ಮ ಕೈ ಸುಮ್ಮನಿರುವ ಕೈಗಳಲ್ಲವಲ್ಲ.

ಎಲ್ಲ ಸ್ಲೈಡಿನ ಕೆಳಗೂ ಇದ್ದ ಒಂದು ಬಟನ್ನಿನ ಹೆಸರು 'ಗೂಟ'. ಅದನ್ನು ಒತ್ತಿದರೆ ಮೊಟ್ಟಮೊದಲು ಎಲ್ಲಿಂದ ಹಾರಿದ್ದೆವೋ ಅಲ್ಲಿಗೆ ಹೊಳ್ಳಿ ಬರುತ್ತಿದ್ದೆವು. ಹಿಂದೆ ನೋಡಿದ ಸ್ಲೈಡಿಗೆ ಮರಳುವ ಬಟನ್ ಕಂಪ್ಯೂಟರಿನಲ್ಲೇ ಇದೆಯಲ್ಲ, ಇದೇಕೆ ಬೇಕು ಎಂದು ನಾನು ಒಮ್ಮೆ ಕೇಳಿದೆ. ಕೇಳದೆ ಬಿಡುವವಳೇ? ಸರ್ ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು.

"ಅದಕ್ಕ ಒಂದ ಹೆಜ್ಜಿ ನೆನಪಿರತೈತಿ ಬೇ. ಗಾಳಿಯಿಂದ ತೇವಕ್ಕ ಹೋದಿ ಅನ್ನು, ಅದು ನಿನ್ನ ಗಾಳಿ-ತೇವ, ಗಾಳಿ-ತೇವ ಅಂತ ಅಲ್ಲೇ ಆಡಸತೈತಿ. ಶೆಡ್ಡಿಗೆ ಒಯ್ಯಾಂಗಿಲ್ಲ. ಅದಕ್ಕ ಮೊದಲ ಹೊಂಡೋ ಮುಂದ ಆ ಸ್ಲೈಡಿನ ನಂಬರ ಒಂದ ಕಡೆ ಬರದಿಡಾಕ ಹೇಳೇನಿ. ಆಡಿಗೆ ಗೂಟ ಬಡದಂಗ. ಎಲ್ಲಿ ಬೇಕಲ್ಲಿ ಮೇಯಲಿ, ಗೂಟ ಎಲ್ಲೈತಿ ಅನ್ನೂದು ಗೊತ್ತಿದ್ರ ಸಾಕ."

ಮುಂದೆ ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋದಾಗ ತರಬೇತಿ ಕೊಟ್ಟವರು ಏನೇನೋ ಕಲಿಸಿದರು: ಎದುರಾಳಿಯ ವಾದವನ್ನು ಹೇಗೆ ಮುರಿಯುವುದು, ಧ್ವನಿಯನ್ನು ಎಲ್ಲಿ ಇಳಿಸುವುದು. ನನಗೆ ವೇದಿಕೆಯ ಮೇಲೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ಗೂಟ. ಎದುರಾಳಿ ಎಲ್ಲಿಗೆ ಎಳೆದರೂ ಎಳೆಸಿಕೊಂಡು ಹೋಗಿ, ಸ್ವಲ್ಪ ಮೇಯ್ದು, ಹೊಳ್ಳಿ ವಿಷಯಕ್ಕೆ ಬರುತ್ತಿದ್ದೆ. ಈ ಬರವಣಿಗೆಯಲ್ಲೂ ಅದೇ ಮಾಡುತ್ತಿದ್ದೇನೆ, ನೀವು ಗಮನಿಸಿರಬಹುದು.

ಸರ್ ಅವರದು ಇನ್ನೊಂದು ರೀತಿ ಇತ್ತು. ಯಾವ ಬಟನ್ನಿಗೂ ಸೇರದ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ಅವರು ಮೇಜು ಬಡಿಯುತ್ತಿರಲಿಲ್ಲ. ಎರಡೂ ಕೈ ಎತ್ತಿ ಖಾಲಿ ಎಂದು ತೋರಿಸುತ್ತಿದ್ದರು. ಮರುದಿನ ಹೋಗಿ ನೋಡಿದರೆ ಸ್ಲೈಡಿನ ಮೇಲೆ ಹೊಸ ಬಟನ್, ಅದರ ಮೇಲೆ ಕೇಳಿದವರ ಹೆಸರು. ಬಸು, ಶಬಾನಾ, ಸಾವಿತ್ರಿ ಎಲ್ಲರ ಹೆಸರೂ ಪರದೆಯ ಮೇಲೆ ಮೂಡಿದ್ದವು. ನಾನು ಹೊಟ್ಟೆಕಿಚ್ಚಿನಿಂದ ವಾರಗಟ್ಟಲೆ ಪ್ರಶ್ನೆ ಹುಡುಕಿದೆ. ಕೊನೆಗೆ ಒಂದು ಸಿಕ್ಕಿತು.

"ಸರ್, ಬಿಸಿಲಿಗೆ ಲಗೂನ ಒಣಗತಾವು ಅಂತ ನೀವ ಹೇಳೀರಿ. ಹಂಗಾರ ದ್ರಾಕ್ಷಿಗೆ ಶೆಡ್ ಕಟ್ಟಿ ನೆರಳ ಯಾಕ ಮಾಡತಾರ್ರಿ?"

ಸರ್ ಕೈ ಎತ್ತಿದರು. ಅಂಗೈ ಎರಡೂ ಖಾಲಿ. ನನಗಾದ ಸಂತೋಷಕ್ಕೆ ಆಮೇಲೆ ಗೆದ್ದ ಯಾವ ಕಪ್ಪೂ ಸಮವಲ್ಲ. ಮರುದಿನ ಬಟನ್ ಇತ್ತು. ಅದರ ಮೇಲೆ ನನ್ನ ಹೆಸರಿರಲಿಲ್ಲ. 'ಯಾಕವ್ವ' ಎಂದಿತ್ತು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಹೆಸರು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಒತ್ತಿದರೆ ಉತ್ತರ: ನೇರ ಬಿಸಿಲಿಗೆ ಬಣ್ಣ ಕಂದುತ್ತದೆ, ಹಸಿರು ಉಳಿಯಬೇಕಾದರೆ ನೆರಳು ಬೇಕು, ಒಣಗಿಸುವ ಕೆಲಸವನ್ನು ಗಾಳಿ ಮಾಡುತ್ತದೆ, ಅದಕ್ಕೇ ಶೆಡ್ಡಿಗೆ ಗೋಡೆ ಇಲ್ಲ.

ಇಷ್ಟರಲ್ಲಿ ಊರಲ್ಲಿ ಮಾತು ಹುಟ್ಟಿತ್ತು. ಒಂದು ಕಡೆಯವರು, "ಮಾತು ಬರದ ಮಾಸ್ತರ ಹ್ಯಾಂಗ ಕಲಸ್ತಾನ?" ಎಂದರು. ಇನ್ನೊಂದು ಕಡೆಯವರು, "ಕಂಪ್ಯೂಟರ ಕಲಸಾಕತ್ತೈತಿ, ಮಾಸ್ತರ ಯಾಕ ಬೇಕು?" ಎಂದರು. ಎರಡೂ ವಾದ ಒಂದಕ್ಕೊಂದು ಹೊಂದುವುದಿಲ್ಲ, ಆದರೆ ಎರಡರ ಕೊನೆಯೂ ಒಂದೇ: ಸರ್ ಅವರನ್ನು ಕ್ಲಾಸಿನಿಂದ ತೆಗೆದು ಆಫೀಸಿನಲ್ಲಿ ಕೂರಿಸುವುದು. ಪಗಾರ ಅಷ್ಟೇ ಇರುತ್ತದೆ, ತೊಂದರೆ ಏನು ಎಂದು ಹಿರಿಯರು ಸಮಾಧಾನ ಹೇಳಿದರಂತೆ. ಸರ್ ಒಂದೇ ಮಾತು ಬರೆದು ಕೊಟ್ಟರಂತೆ: 'ಬಂದು ಒಂದು ಪಾಠ ನೋಡಿ.' ಆಡಳಿತ ಮಂಡಳಿಯವರು ಬಂದರು.

ಅವತ್ತು ಹೆಡ್‌ಮಾಸ್ತರರು ಅತಿಥಿಗಳೆದುರು ಹಳೆಯ ಕಂಪ್ಯೂಟರ್ ಬೇಡವೆಂದು ತಮ್ಮ ಹೊಸ ಲ್ಯಾಪ್‌ಟಾಪನ್ನು ತಂದಿಟ್ಟರು. ಸರ್ ಪೆನ್‌ಡ್ರೈವ್ ಹಾಕಿ ಪಾಠ ತೆರೆದರು. ಪ್ರೊಜೆಕ್ಟರ್ ಇನ್ನೂ ಬಿಸಿಯಾಗುತ್ತಿತ್ತು, ಗೋಡೆಯ ಮೇಲೆ ಏನೂ ಬಂದಿರಲಿಲ್ಲ. ಎಲ್ಲರೂ ಎದ್ದು ನಿಂತು ಬರುತ್ತಿದ್ದವರಿಗೆ ನಮಸ್ಕಾರ ಹೇಳುತ್ತಿದ್ದರು. ನಾನು ಮೊದಲ ಬೆಂಚಿನ ತುದಿಯಲ್ಲಿ, ಲ್ಯಾಪ್‌ಟಾಪಿನ ಪಕ್ಕದಲ್ಲೇ ಇದ್ದೆ. ಹಳದಿ ಪಟ್ಟಿ ಬಂತು. ಸರ್ ಕೈಯಲ್ಲಿದ್ದ ಮೌಸಿನ ಬಾಣ ಅದರತ್ತ ಹೋಯಿತು, ಅದರ ಮೇಲೆ ನಿಂತಿತು, ತಿರುಗಿ ಬಂತು. ಸರ್ ಪಾಠ ಶುರು ಮಾಡುವ ಗುಂಡಿ ಒತ್ತಿದರು. ಶೆಡ್ಡಿನ ಚಿತ್ರ ಗೋಡೆ ತುಂಬ ಹರಡಿತು.

'ಗಾಳಿ' ಒತ್ತಿದರು. ಏನೂ ಆಗಲಿಲ್ಲ. ಅನುಮತಿ ಇಲ್ಲದ ಮ್ಯಾಕ್ರೋ ಸತ್ತ ಬಟನ್.

"ಏನಾತ್ರಿ ಮಾಸ್ತರ?" ಎಂದರು ಅಧ್ಯಕ್ಷರು.

ಸರ್ ಮೌಸನ್ನು ಮೇಜಿನ ಮೇಲಿಟ್ಟು, ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು, ಗೋಡೆಯ ಮೇಲಿನ 'ಗಾಳಿ'ಗೆ ತಾಗಿಸಿ ನಮ್ಮ ಕಡೆ ನೋಡಿದರು. ನಾವು ಅವರ ಕಡೆ ನೋಡಿದೆವು. ಹೆಡ್‌ಮಾಸ್ತರರು ಕರವಸ್ತ್ರ ತೆಗೆದರು. ಯಾರೋ ಕುರ್ಚಿ ಸರಿಸಿದರು. ಎಷ್ಟು ಹೊತ್ತು ಹಾಗಿತ್ತೆಂದು ಹೇಳಲಾರೆ; ಪ್ರೊಜೆಕ್ಟರಿನ ಫ್ಯಾನು ಅಷ್ಟು ಜೋರಾಗಿ ಸದ್ದು ಮಾಡುತ್ತದೆಂದು ಅವತ್ತೇ ಗೊತ್ತಾದದ್ದು. ಕೊನೆಗೆ ಹಿಂದಿನಿಂದ ಬಸು ಎದ್ದ.

"ಗಾಳಿ ಬಡದ್ರ ಕಾಯಿ ಮ್ಯಾಲಿನ ಆವಿ ಹೊಂಟ ಹೋಗತೈತ್ರಿ. ಹೊಸಾ ಆವಿಗೆ ಜಾಗಾ ಸಿಗತೈತ್ರಿ. ಅದಕ್ಕ ಲಗೂ ಒಣಗತೈತಿ."

ಮೇಜಿಗೆ ಅಂಗೈ ಬಿತ್ತು. ಕೋಲು ಕೆಳಗಿಳಿದು 'ಗೂಟ'ಕ್ಕೆ ಬಂತು. ಯಾರೂ ಹೇಳಿಕೊಡದೆ ಇಡೀ ಕ್ಲಾಸು ಒಂದೇ ದನಿಯಲ್ಲಿ, "ಹೊಳ್ಳಿ ಶೆಡ್ಡಿಗೆ ಬಂದಿವ್ರಿ" ಎಂದಿತು. ಅಧ್ಯಕ್ಷರು ನಕ್ಕುಬಿಟ್ಟರು. ಅಲ್ಲಿಂದ ಕೋಲು ಎಲ್ಲಿ ತಾಗಿದರೆ ಅಲ್ಲಿ ಸ್ಲೈಡು ತೆರೆಯಿತು, ನಮ್ಮ ಬಾಯಲ್ಲಿ. 'ಯಾಕವ್ವ'ಕ್ಕೆ ತಾಗಿದಾಗ ನಾನು ಎದ್ದು ಹೇಳಿದೆ. ಅಗತ್ಯಕ್ಕಿಂತ ಉದ್ದವಾಗಿ ಹೇಳಿದೆ ಎಂದು ಬಸು ಈಗಲೂ ಅನ್ನುತ್ತಾನೆ. ಮಂಡಳಿಯಲ್ಲಿ ದ್ರಾಕ್ಷಿ ತೋಟವಿದ್ದ ಸದಸ್ಯರೊಬ್ಬರಿದ್ದರು. ಅವರಿಗೆ ತಡೆಯಲಾಗಲಿಲ್ಲ.

"ಹಂಗಾರ ನಾಕ ದಿನಾ ಮೋಡ ಮುಸುಕಿದ್ರ ಶೆಡ್ಡಿನಾಗ ಇದ್ದದ್ದೂ ಯಾಕ ಕಪ್ಪ ಬೀಳತೈತಿ? ಗಾಳಿ ಇರತೈತಲ್ಲಾ?"

ಅದಕ್ಕೆ ಬಟನ್ ಇರಲಿಲ್ಲ. ಸರ್ ಕೈ ಎತ್ತುತ್ತಾರೆಂದುಕೊಂಡೆವು. ಅವರು ಕೋಲನ್ನು ಮೊದಲು 'ಗಾಳಿ'ಗೆ ತಾಗಿಸಿದರು, ಆಮೇಲೆ 'ತೇವ'ಕ್ಕೆ, ಮತ್ತೆ 'ಗಾಳಿ'ಗೆ. ಶಬಾನಾ ತಡವರಿಸುತ್ತ ಎದ್ದಳು. "ಗಾಳೀನ ತೇವ ಇದ್ರ... ಅದಕ್ಕ ಆವಿ ಹಿಡಿಯಾಕ ಜಾಗಾ ಇರಾಂಗಿಲ್ರಿ. ಒಣಗೂದು ತಡಾ ಆಗತೈತಿ, ತಡಾ ಆದ್ರ ಕೆಡತೈತಿ." ಆ ಸದಸ್ಯರು ಅಧ್ಯಕ್ಷರ ಕಡೆ ತಿರುಗಿ, "ನಡೀರಿ, ನನಗ ಇಷ್ಟ ಸಾಕ," ಎಂದರು. ಸರ್ ಕ್ಲಾಸಿನಲ್ಲೇ ಉಳಿದರು.

ಈಗ ಹೇಳಿ, ಕಂಪ್ಯೂಟರು ಕೈಕೊಟ್ಟಿತೇ? ಅದು ಒಂದು ಒಪ್ಪಿಗೆ ಕೇಳಿತ್ತು, ಅಷ್ಟೇ. ಸರ್ ಪಟ್ಟಿಯನ್ನು ನೋಡಲಿಲ್ಲ ಎನ್ನೋಣವೆಂದರೆ ಬಾಣ ಅದರ ಮೇಲೆ ನಿಂತದ್ದನ್ನು ನಾನು ಕಂಡಿದ್ದೇನೆ. ಹೆಡ್‌ಮಾಸ್ತರರ ಆಜ್ಞೆಗೆ, ಅವರದೇ ಲ್ಯಾಪ್‌ಟಾಪಿನಲ್ಲಿ, ಅವರೆದುರೇ ಹೆದರಿದರು ಎನ್ನಬಹುದು. ಈ ವಾದಕ್ಕೆ ತೂಕವಿದೆ. ಆದರೆ ಬಟನ್ ಸತ್ತದ್ದು ಗೊತ್ತಾದ ಮೇಲೂ ಸ್ಲೈಡುಗಳನ್ನು ನಿಲ್ಲಿಸಿ, ಹೆಡ್‌ಮಾಸ್ತರರಿಗೆ ಸನ್ನೆ ಮಾಡಿ, ಪಟ್ಟಿ ಒತ್ತಿಸಿ ಮತ್ತೆ ಶುರು ಮಾಡಬಹುದಿತ್ತು. ಮಾಡಲಿಲ್ಲ. ಕೋಲು ತೆಗೆದುಕೊಂಡರು. 'ಕಂಪ್ಯೂಟರ್ ಕಲಿಸುತ್ತದೆ' ಎಂದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇದೆಯೇ? ಹಾಗಾದರೆ ನಾವು ಅವರನ್ನು ಉಳಿಸಲಿಲ್ಲ. ಅವರು ನಮ್ಮನ್ನು ಒತ್ತಿದರು, ನಾವು ತೆರೆದೆವು.

ಈ ವಾದವನ್ನು ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನ ಸರ್ ಮನೆಯಿರುವ ತಿಕೋಟಾದ ಬಸ್ಸು ಹತ್ತಿದೆ. ಸರ್ ಒಂದು ಹ್ಞೂಂ ಅಂದರೆ ಸಾಕು, ಬಸುನ ಕಥೆ ಬಿದ್ದುಹೋಗುತ್ತದೆ. ಬೀಳ್ಕೊಡುಗೆಯ ದಿನ ಸರ್ 'ಪಾಪ'ದ ಮನುಷ್ಯರಾಗಿ ವೇದಿಕೆಯ ಮೇಲೆ ಕೂರಬೇಕಾಗಿಲ್ಲ. ಕೇಳಬೇಕಾದ ಮಾತನ್ನೂ ಸಿದ್ಧಮಾಡಿದ್ದೆ, ಅಡ್ಡಸವಾಲಿಗೆ ಮಾಡುವ ಹಾಗೆ, ಹೌದು ಅಥವಾ ಇಲ್ಲ ಎಂಬುದನ್ನು ಬಿಟ್ಟು ಬೇರೆ ಉತ್ತರಕ್ಕೆ ಜಾಗವಿಲ್ಲದಂತೆ: ಅವತ್ತು ಹಳದಿ ಪಟ್ಟಿಯನ್ನು ನೀವು ಬೇಕಂತಲೇ ಒತ್ತಲಿಲ್ಲ, ಹೌದಲ್ಲ?

ಬಾಗಿಲು ತೆಗೆದವರು ಸರ್ ಮನೆಯವರು, ನಾವು ಚಾಚಿ ಎನ್ನುತ್ತೇವೆ. "ಬಾ ಬೇ ಯಾಕವ್ವಾ. ಇನ್ನೂ ಹೊಟ್ಟ್ಯಾಗ ಪ್ರಶ್ನೆ ಇಟಗೊಂಡ ತಿರಗತೀ ಏನ?" ಎಂದರು. ಸರ್ ಕಟ್ಟೆಯ ಮೇಲೆ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಅಂಗೈಯಿಂದ ಕಟ್ಟೆಯನ್ನು ಬಡಿದರು, ಕೂಡು ಎಂದೋ ರೈಟ್ ಎಂದೋ. ಚಹಾ ಆಯಿತು. ಬೀಳ್ಕೊಡುಗೆ ಎಂದ ಕೂಡಲೇ ಒಳಗಿನಿಂದ ಮಗಳ ಲ್ಯಾಪ್‌ಟಾಪ್ ತರಿಸಿ, ಹಳೆಯ ಪೆನ್‌ಡ್ರೈವ್ ಚುಚ್ಚಿ ಬಾಷ್ಪೀಭವನ ತೆರೆದರು.

ಶೆಡ್ಡು. ನಮ್ಮ ಹೆಸರುಗಳು. ಮೇಲೆ ಹಳದಿ ಪಟ್ಟಿ.

ಸರ್ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಕೈ ಕಟ್ಟಿ ಕೂತರು. ನನ್ನ ಬೆರಳು ತಾನಾಗಿ ಪಟ್ಟಿಯತ್ತ ಹೋಯಿತು. ಬೆಳಿಗ್ಗೆ ಕ್ಲಾಸಿನಲ್ಲಿ ಎಷ್ಟು ಸಲೀಸಾಗಿ ಒತ್ತಿದ್ದೆ, ಆ ಮೇಲೆ ಎಲ್ಲವೂ ಎಷ್ಟು ಸಲೀಸಾಗಿ ಹರಿದಿತ್ತು, ಯಾರೂ ಬಾಯಿ ಬಿಡಬೇಕಾಗಿಯೇ ಬರಲಿಲ್ಲ. ಬೆರಳು ತೆಗೆದೆ. ಪ್ರೊಜೆಕ್ಟರಿನ ಫ್ಯಾನಿನ ಆ ಸದ್ದು ನೆನಪಾಯಿತು. ಬಸು ಏಳುವ ಮೊದಲಿನ ಆ ಹೊತ್ತು, ತಮ್ಮ ಕ್ಲಾಸನ್ನೇ ಪಣಕ್ಕಿಟ್ಟು ನಮ್ಮ ಕಡೆ ನೋಡುತ್ತ ನಿಂತ ಆ ಮುಖ. ಬೇಕಂತಲೇ ಮಾಡಿದಿರೋ ಇಲ್ಲವೋ ಎಂಬ ಪ್ರಶ್ನೆ ಆ ಮುಖದ ಮುಂದೆ ತೀರಾ ಸಣ್ಣದಾಗಿ ಕಂಡಿತು. ಸಿದ್ಧಮಾಡಿದ ಮಾತನ್ನು ಅಲ್ಲೇ ಬಿಟ್ಟು, ಅವರ ಪಕ್ಕಕ್ಕೆ ಸರಿದು ಕೂತು, ಬೇರೆಯದನ್ನೇ ಕೇಳಿದೆ.

"ಸರ್, ಅವತ್ತ ಬಸು ಏಳದಿದ್ರ, ನಾವು ಯಾರೂ ಬಾಯಿ ಬಿಡದಿದ್ರ, ನೀವು ಇನ್ನಾ ಎಷ್ಟೊತ್ತು ಹಂಗ ಕೋಲ ಹಿಡದು ನಿಂದರವ್ರಿದ್ರಿ?"